ಬೆಳೆಯುವ ಕೈಗೆಂದು ಬಿಟ್ಟ ಜಾಗ

ಉಚ್ಚಿಲದ ರುಕಿಯಮ್ಮ ಯಾರ ಮುಖವನ್ನೂ ಮೊದಲು ನೋಡುವವರಲ್ಲ. ಅಂಗಡಿಯ ಮೆಟ್ಟಿಲು ಹತ್ತಿದವರು ದೊಡ್ಡ ಅಧಿಕಾರಿಯೇ ಇರಲಿ, ಹಾಲಿನ ಪ್ಯಾಕೆಟ್ ಹಾಕುವವನೇ ಇರಲಿ, ಅವರ ದೃಷ್ಟಿ ಮೊದಲು ಹೋಗಿ ನಿಲ್ಲುವುದು ಬಂದವರ ಕೈಗಳ ಮೇಲೆ. ಅಲ್ಲಿಂದ ಜೊತೆಯಲ್ಲಿರುವ ಮಗುವಿನ ಕೈಗಳಿಗೆ ಇಳಿಯುತ್ತದೆ. ಮುಖದ ಸರದಿ ಬರುವುದು ಕಟ್ಟಕಡೆಗೆ, ಅದೂ ಬಂದರೆ. ಐದಾರು ವರ್ಷಗಳ ಪರಿಚಯವಿದ್ದೂ ಒಮ್ಮೆ ಪಡುಬಿದ್ರಿಯ ಬಸ್ಸಿನಲ್ಲಿ ಎದುರು ಸೀಟಿನಲ್ಲೇ ಕುಳಿತಿದ್ದ ನನ್ನನ್ನು ಅವರು ಗುರುತಿಸಲಿಲ್ಲ. ಟಿಕೆಟಿಗೆಂದು ನಾನು ಕೈ ಚಾಚಿದೆ, ಹುಟ್ಟಿನಿಂದಲೇ ತುಸು ಡೊಂಕಾದ ನನ್ನ ಕಿರುಬೆರಳು ಕಂಡದ್ದೇ "ಓ, ಮಾಷ್ಟ್ರಲ್ವಾ! ಎಂತ ಮಾತಾಡದೆ ಕೂತದ್ದು?" ಎಂದು ನನ್ನ ಮೇಲೆಯೇ ತಪ್ಪು ಹೊರಿಸಿದರು.

ಹೆದ್ದಾರಿಯ ಸರ್ವಿಸ್ ರಸ್ತೆಯ ಬದಿಯಲ್ಲಿ, ಲಾರಿಗಳು ಹಾದಾಗಲೆಲ್ಲ ಗಾಜಿನ ಕಪಾಟು ಸಣ್ಣಗೆ ನಡುಗುವ ಒಂದು ಕೋಣೆ ಅವರ ಅಂಗಡಿ. ಗಾಳ, ಗಾಳದ ಕೋಲು, ನೈಲಾನ್ ದಾರ, ಆ ದಾರವನ್ನು ಸುತ್ತುವ ರೀಲು, ಇಷ್ಟೇ ಅಲ್ಲಿಯ ಸರಕು. ಸೌದಿಯ ದಮಾಮಿನ ಕಾರ್ಖಾನೆಯೊಂದರಲ್ಲಿ ಇಪ್ಪತ್ತೈದು ವರ್ಷ ದುಡಿದು ಊರಿಗೆ ಮರಳಿದ ಗಂಡ ಇದಿನಬ್ಬ ತೆರೆದ ಅಂಗಡಿ ಅದು. ಅವರ ಮೊಣಕಾಲು ಕೈಕೊಟ್ಟ ಮೇಲೆ ವ್ಯಾಪಾರ ರುಕಿಯಮ್ಮನ ಪಾಲಿಗೆ ಬಂತು. ಇದಿನಬ್ಬರು ಒಳಗಿನ ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಬೀದಿ ನೋಡುತ್ತಾರೆ. ರುಕಿಯಮ್ಮ ತಮ್ಮ ಉಡುಪಿನ ಮೇಲೆ ಗಂಡನ ಹಳೆಯ ಕಾರ್ಖಾನೆಯ ನೀಲಿ ಕೋಟನ್ನು ತೊಟ್ಟು, ತೋಳನ್ನು ಮೂರು ಮಡಿಕೆ ಮಡಚಿ, ಒಂದು ಭುಜ ತಗ್ಗಿಸಿ ತುಂಬಿದ ಕೊಡ ಹೊತ್ತವರ ಹಾಗೆ ಕಪಾಟಿನಿಂದ ಕಪಾಟಿಗೆ ನಡೆಯುತ್ತಾರೆ. ಕೋಟಿನ ಜೇಬಿನಲ್ಲಿ ಸದಾ ಒಂದು ಪೆನ್ಸಿಲ್. ಅದರಿಂದ ಅವರು ಏನನ್ನೂ ಬರೆದದ್ದನ್ನು ನಾನು ಕಂಡಿಲ್ಲ.

ಮೊದಲ ಸಲ ನಾನು ಅಲ್ಲಿಗೆ ಹೋದದ್ದು ತಂಗಿಯ ಮಗಳು ತನ್ವಿಯನ್ನು ಕರೆದುಕೊಂಡು. ಅವಳಿಗೆ ಆಗ ಏಳು. ಕಾಪುವಿನ ಬಂಡೆಯ ಮೇಲೆ ಯಾರೋ ಕಾಣೆ ಮೀನು ಹಿಡಿದದ್ದನ್ನು ನೋಡಿ ಬಂದವಳು ಮನೆಯಲ್ಲಿ ಅನ್ನ ಬಿಟ್ಟು ಕುಳಿತಿದ್ದಳು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ರೀಲಿನ ತಲೆಬುಡ ತಿಳಿಯದಿದ್ದರೂ ಲೋಕಜ್ಞಾನವಿದೆಯೆಂಬ ಭ್ರಮೆ ಇತ್ತು. "ಸ್ವಲ್ಪ ದೊಡ್ಡದನ್ನೇ ಕೊಡಿ, ಬೆಳೆಯುವ ಮಗು, ನಾಲ್ಕು ವರ್ಷ ಬಳಸಬಹುದು," ಎಂದೆ. ರುಕಿಯಮ್ಮ ನನ್ನನ್ನು ನೋಡಿದ ರೀತಿಗೆ ನಾನು ಎರಡು ಹೆಜ್ಜೆ ಹಿಂದೆ ಸರಿದಿರಬೇಕು.

"ಬೆಳೆಯುವ ಕೈಗೆ ಇಲ್ಲಿ ರೀಲ್ ಇಲ್ಲ, ಮಾಷ್ಟ್ರೇ. ಇವತ್ತಿನ ಕೈಗೆ ಇವತ್ತಿನದ್ದು. ಅದು ಬೇಕಾದರೆ ಉಂಟು."

ಇದು ಅವರ ಪಲ್ಲವಿ. ದಿನಕ್ಕೆ ಹತ್ತು ಸಲವಾದರೂ ಆ ಮಾತು ಅವರ ಬಾಯಿಂದ ಬರುತ್ತದೆ. ಕಪಾಟಿನ ಧೂಳು ಒರೆಸುವಾಗ, ಕೇಳುವವರಿಲ್ಲದಾಗಲೂ ಬರುತ್ತದೆ. ಅನಂತರ ಪರೀಕ್ಷೆ. ದೊಡ್ಡವರು ಮೆಟ್ಟಿಲ ಕೆಳಗೆ ನಿಲ್ಲಬೇಕು. ಮಗು ಕೋಲು ಹಿಡಿದು ಕಣ್ಣು ಮುಚ್ಚಿ ರೀಲಿನ ಹಿಡಿಯನ್ನು ಐವತ್ತು ಸುತ್ತು ತಿರುಗಿಸಬೇಕು. ಕೋಲು ಹಿಡಿದಂತೆಯೇ ತೋರುಬೆರಳು ಚಾಚಿ ದಾರವನ್ನು ಮುಟ್ಟಬೇಕು. ಮುಟ್ಟಲು ಹಿಡಿತ ಸಡಿಲಿಸಿದರೆ ಆ ರೀಲು ಕಪಾಟಿಗೆ ವಾಪಸು. ಮೂವತ್ತನೆಯ ಸುತ್ತಿಗೆ ಮಣಿಕಟ್ಟು ಬಾಗಿದರೂ ವಾಪಸು. ತೀರ ಸಣ್ಣವರಿಗೆ ಹೆಬ್ಬೆರಳಲ್ಲಿ ಗುಂಡಿ ಒತ್ತಿದರೆ ದಾರ ಬಿಡುವ, ಮುಖ ಮುಚ್ಚಿದ ರೀಲು; ಏಳೆಂಟು ದಾಟಿದವರಿಗೆ ಸಾವಿರದ ನಂಬರಿನ ಸಣ್ಣ ರೀಲು; ಹಿಡಿಯನ್ನು ಎಡಕ್ಕೆ ಜೋಡಿಸಬೇಕೋ ಬಲಕ್ಕೋ ಎಂಬುದನ್ನು ಮಗುವೇ ಹೇಳಬೇಕು, ತಂದೆಯಲ್ಲ. ತನ್ವಿ ನಾಲ್ಕನೆಯ ರೀಲಿಗೆ ತೇರ್ಗಡೆಯಾದಳು. ಆ ಸಂಜೆ ಅವಳು ಎಸೆದ ಮೊದಲ ಗಾಳ, ನಾನು ಅದುವರೆಗೆ ಅವಳಿಗೆ ಕೊಡಿಸಿದ ಯಾವ ವಸ್ತುವೂ ಕೊಡದ ನಗುವನ್ನು ಅವಳ ಮುಖಕ್ಕೆ ತಂದಿತು ಎಂಬುದನ್ನು ಹೊಟ್ಟೆಕಿಚ್ಚಿಲ್ಲದೆ ದಾಖಲಿಸುತ್ತೇನೆ.

ಮಣಿಪಾಲದ ಉಮಾನಾಥರೆಂಬ ಕಟ್ಟಡ ಗುತ್ತಿಗೆದಾರರು ಇಂಥ ಪರೀಕ್ಷೆಗೆಲ್ಲ ಬಗ್ಗುವವರಲ್ಲ. ಎಂಟು ವರ್ಷದ ಮಗ ಜಿತೇಶನನ್ನು ಕಾರಿನಲ್ಲೇ ಕೂರಿಸಿ, ಒಳಗೆ ಬಂದು, ಇದ್ದುದರಲ್ಲಿ ಭಾರಿಯದ್ದನ್ನು ಕಟ್ಟಿಕೊಡಿ ಎಂದರು. ಮಗು ಇಳಿಯದೆ ರೀಲು ಇಳಿಯುವುದಿಲ್ಲ ಎಂದರು ರುಕಿಯಮ್ಮ. ಉಮಾನಾಥರು ಸಿಟ್ಟಿನಲ್ಲಿ ಹೋಗಿ ಫೋನಿನಲ್ಲೇ ತರಿಸಿಕೊಂಡರು. ಹತ್ತು ದಿನದಲ್ಲಿ, ನಾನು ಅಲ್ಲಿದ್ದಾಗಲೇ, ದಾರವೆಲ್ಲ ಕಾಗೆಗೂಡಾದ ರೀಲನ್ನು ಹಿಡಿದು ಮಗನೊಂದಿಗೆ ಅದೇ ಮೆಟ್ಟಿಲು ಹತ್ತಿದರು. ಬೇರೆ ವ್ಯಾಪಾರಿಯಾಗಿದ್ದರೆ ಗೆದ್ದ ನಗು ನಗುತ್ತಿದ್ದ. ರುಕಿಯಮ್ಮ ತಾವೇ ಸೋತವರಂತೆ ಅದನ್ನು ತಿರುಗಿಸಿ ನೋಡಿ, "ಅಟ್ಟದಲ್ಲಿ ಇಡಿ. ಇವನಿಗೆ ಹದಿನಾಲ್ಕು ಆದಾಗ ತೆಗೆಯಿರಿ. ಆಗ ಇದು ಅವನ ಕೈಗೆ ಆಗುತ್ತದೆ, ಅವನಿಗೆ ಬೇಡವಾಗುತ್ತದೆ," ಎಂದರು. ಆ ದನಿಯಲ್ಲಿ ಬುದ್ಧಿವಾದವಿರಲಿಲ್ಲ. ಒಂದು ಸಣ್ಣ ಯಂತ್ರಕ್ಕಾಗಿ ಮನುಷ್ಯರು ಇಷ್ಟು ಮುದುಡಿಹೋಗುವುದುಂಟೇ ಎಂದು ನನಗೆ ಅನುಮಾನ ಬಂದದ್ದು ಆ ದಿನ.

ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಮರುವರ್ಷದ ರಂಜಾನಿನ ಒಂದು ಮಧ್ಯಾಹ್ನ. ಗಿರಾಕಿಗಳಿರಲಿಲ್ಲ. ಇದಿನಬ್ಬರು ಮಸೀದಿಗೆ ಹೋಗಿದ್ದರು. ರುಕಿಯಮ್ಮ ಗಲ್ಲಾಪೆಟ್ಟಿಗೆಯ ಅಡಿಯಿಂದ ನಾಲ್ಕು ಮಡಿಕೆಯ, ಅಂಚು ಸವೆದ ಒಂದು ಹಾಳೆಯನ್ನು ತೆಗೆದು ನನ್ನೆದುರು ಬಿಡಿಸಿದರು. ಪೆನ್ಸಿಲಿನಲ್ಲಿ ಬರೆದ ಒಂದು ಕೈಯ ಆಕೃತಿ. ಕೆಳಗೆ, ಶಿಹಾಬ್, ಒಂಬತ್ತು ವರ್ಷ.

ಆ ಕಾಲದಲ್ಲಿ ಗಲ್ಫಿಗೆ ಹೋದವರಿಗೆ ಮನೆಯವರು ಮಕ್ಕಳ ಪಾದವನ್ನು ಕಾಗದದ ಮೇಲೆ ಇಟ್ಟು ಗೆರೆ ಎಳೆದು ಕಳಿಸುತ್ತಿದ್ದರು, ಬೂಟಿನ ಅಳತೆಗೆ. ದಮಾಮಿನ ಕಡಲಕಟ್ಟೆಯ ಮೇಲೆ ಶುಕ್ರವಾರಗಳಂದು ರೀಲಿನಲ್ಲಿ ಮೀನು ಹಿಡಿಯುತ್ತಿದ್ದ ಇದಿನಬ್ಬರು, ಮಗನಿಗೂ ಒಂದು ತರುತ್ತೇನೆ, ರಜೆಯಲ್ಲಿ ನಾನೇ ಕಲಿಸುತ್ತೇನೆ, ಅವನ ಕೈಯ ಅಳತೆ ಕಳಿಸು ಎಂದು ಬರೆದರಂತೆ. ರುಕಿಯಮ್ಮ ಮಗ ಶಿಹಾಬನ ಕೈಯನ್ನು ಹಾಳೆಯ ಮೇಲೆ ಒತ್ತಿ ಪೆನ್ಸಿಲ್ ಹಿಡಿದರು. ರಜೆಗೆ ಇನ್ನೂ ಒಂದು ವರ್ಷವಿತ್ತು. ದರ್ಜಿಗೆ ಬಟ್ಟೆ ಕೊಡುವಾಗ ಬೆಳೆಯುವ ಮಕ್ಕಳದ್ದು, ಎರಡು ಇಂಚು ಬಿಟ್ಟು ಹೊಲಿ ಎನ್ನುವುದಿಲ್ಲವೇ, ಹಾಗೆ ಅವರು ಪೆನ್ಸಿಲನ್ನು ಬೆರಳುಗಳಿಂದ ದೂರ ಹಿಡಿದು, ಬೆಳೆಯುವ ಕೈಗೆಂದು ಸುತ್ತಲೂ ಜಾಗ ಬಿಟ್ಟು ಬರೆದರು. ಗಂಡನಿಗೆ ಅದನ್ನು ತಿಳಿಸಬೇಕೆಂದು ತೋಚಲಿಲ್ಲ.

ರಜೆಯಲ್ಲಿ ಬಂದ ಇದಿನಬ್ಬರು ಮೂರನೆಯ ದಿನವೇ ಕುಟುಂಬವನ್ನೆಲ್ಲ ಕಾಪುವಿನ ದೀಪಸ್ತಂಭದ ಬಂಡೆಗೆ ಕರೆದೊಯ್ದರು. ತಮ್ಮಂದಿರು, ಅವರ ಮಕ್ಕಳು, ಬುತ್ತಿಯ ಡಬ್ಬಿ ಹಿಡಿದ ರುಕಿಯಮ್ಮ. ಪೆಟ್ಟಿಗೆಯಿಂದ ಹೊರಬಂದ ಕಪ್ಪು ರೀಲನ್ನು ಎತ್ತಿ ತೋರಿಸುತ್ತ ಇದಿನಬ್ಬರು ತಮ್ಮನಿಗೆ ಹೇಳಿದರು: "ಬೆಳೆಯುವ ಹುಡುಗ ಅಲ್ವಾ, ಅಳತೆಗಿಂತ ಒಂದು ನಂಬರ್ ಮೇಲಿನದ್ದೇ ತಂದೆ." ಬುತ್ತಿಯ ಡಬ್ಬಿ ತಮ್ಮ ಕೈಯಲ್ಲಿ ಆಗಲೇ ಭಾರವಾಯಿತು ಎಂದರು ರುಕಿಯಮ್ಮ. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ಮಗುವಿಗೆ ಎರಡು ಸಲ ಬೆಳವಣಿಗೆಯ ಜಾಗ ಬಿಟ್ಟಿದ್ದರು.

ಹುಡುಗನ ಬೆರಳು ದಾರವನ್ನು ಮುಟ್ಟಲಿಲ್ಲ. ಮೊದಲ ಎಸೆತ ಅವನ ಕಾಲಬುಡದಲ್ಲೇ ಬಿತ್ತು. ಎರಡನೆಯದಕ್ಕೆ ದಾರ ಗಂಟಾಯಿತು. ಮೂರನೆಯದಕ್ಕೆ ಅವನು ಎರಡೂ ಕೈಯಲ್ಲಿ ಕೋಲನ್ನು ತಬ್ಬಿ ಹಿಡಿದ. ಆದರೂ ತುದಿ ಬಂಡೆಗೆ ತಾಗಿತು. ಚಿಕ್ಕಪ್ಪನ ಮಕ್ಕಳು ನಕ್ಕರು. ಮೊದಲು ನಕ್ಕ ಇದಿನಬ್ಬರು ಆಮೇಲೆ ನಗುವುದನ್ನು ನಿಲ್ಲಿಸಿ, ರೀಲನ್ನು ಕಿತ್ತುಕೊಂಡು, ಎಲ್ಲರಿಗೂ ಕೇಳುವಂತೆ, "ಇವನ ಕೈಯಲ್ಲಿ ಎಂತ ಆಗುವುದಿಲ್ಲ," ಎಂದರು.

"ನೀವು ಆಗಲೇ ಹೇಳಬಹುದಿತ್ತಲ್ಲ," ಎಂದೆ ನಾನು. ಕೇಳಬಾರದಿತ್ತು.

"ನಲವತ್ತೈದು ದಿನದ ರಜೆ, ಮಾಷ್ಟ್ರೇ. ಅದರಲ್ಲಿ ಒಂದು ದಿನವನ್ನು ಜಗಳಕ್ಕೆ ಕೊಡಲಿಕ್ಕೆ ನನಗೆ ಮನಸ್ಸು ಬರಲಿಲ್ಲ. ಅವರು ಹೋದ ಮೇಲೆ ಕಾಗದ ಬರೆಯುವ ಎಂದುಕೊಂಡೆ. ಇಂಥದ್ದನ್ನು ಕಾಗದದಲ್ಲಿ ಬರೆಯಲಿಕ್ಕೆ ಆಗುತ್ತದಾ?"

ಬರೆಯಲಾಗಲಿಲ್ಲ. ಮುಂದಿನ ರಜೆಗೆ ಹುಡುಗ ಬಂಡೆಗೆ ಬರಲೊಪ್ಪಲಿಲ್ಲ. 'ಕೈಲಾಗದವ' ಎಂಬುದು ಮನೆಯಲ್ಲಿ ಅವನ ಎರಡನೆಯ ಹೆಸರಾಯಿತು. ಹದಿನೆಂಟಕ್ಕೆ ಅವನು ಕಾರ್ಕಳಕ್ಕೆ ಹೋಗಿ ಕಲ್ಲು ಕೊಯ್ಯುವ ಕೆಲಸಕ್ಕೆ ಸೇರಿದ. ಬೇರೆ ಕೆಲಸ ಇರಲಿಲ್ಲವೆಂದಲ್ಲ, ಕೈಯಿಂದ ಮಾಡುವ ಕೆಲಸಗಳಲ್ಲಿ ಅದಕ್ಕಿಂತ ಕಷ್ಟದ್ದು ಯಾವುದೂ ಅವನಿಗೆ ಸಿಗಲಿಲ್ಲ. ಈಗ ಅಲ್ಲೇ ಅವನದೊಂದು ಗ್ರಾನೈಟ್ ಅಂಗಡಿ ಉಂಟು. ತಂದೆ ಊರಿಗೆ ಮರಳಿದ ಮೇಲೆ ಹಬ್ಬಕ್ಕೆ ಬರುತ್ತಿದ್ದ, ಹತ್ತು ನಿಮಿಷ ಕೂರುತ್ತಿದ್ದ. ಅವನಿಗೆ ಚಾ ಬೇಕಾ ಕೇಳು ಎಂದು ತಂದೆ ರುಕಿಯಮ್ಮನಿಗೆ ಹೇಳುತ್ತಿದ್ದರು. ಬೇಡ ಎಂದು ಮಗ ರುಕಿಯಮ್ಮನಿಗೆ ಹೇಳುತ್ತಿದ್ದ. ಮತ್ತು ಆ ಹಾಳೆ? ಗಂಡ ಊರಿಗೆ ಮರಳಿದ ಮೇಲೆ ಅದು ರುಕಿಯಮ್ಮನಿಗೆ ಸಿಕ್ಕಿದ್ದು ಅವರ ಪಾಸ್‌ಪೋರ್ಟಿನ ಚೀಲದಲ್ಲಿ. ಅಷ್ಟು ವರ್ಷವೂ ಅವರು ಅದನ್ನು ಮಡಚಿ ಕಾಪಾಡಿಕೊಂಡಿದ್ದರು. "ಮಗನ ಕೈ ಎಂದು ಇಟ್ಟುಕೊಂಡಿದ್ದರು. ಅದು ನಾನು ಬರೆದ ಸುಳ್ಳು ಕೈ," ಎಂದು ರುಕಿಯಮ್ಮ ಅತ್ತರು. ನಾನು ಕೋಲುಗಳನ್ನು ನೋಡುತ್ತ ನಿಂತೆ. ಸಮಾಧಾನ ಹೇಳುವ ವಿದ್ಯೆಯನ್ನು ಯಾವ ಕಾಲೇಜೂ ನನಗೆ ಕಲಿಸಿರಲಿಲ್ಲ.

ಅವರಿಗೆ ಉಳಿದಿದ್ದ ಆಸೆ ಒಂದೇ. ತಂದೆ ಮಗ ಇಬ್ಬರೂ ಇರುವಾಗ, ಒಂದೇ ಕೋಣೆಯಲ್ಲಿ, ಆ ಹಾಳೆಯನ್ನು ಬಿಡಿಸಿ ಹೇಳಿಬಿಡಬೇಕು. ಹುಡುಗನ ಕೈಯಲ್ಲಿ ದೋಷವಿರಲಿಲ್ಲ ಎಂದು ಅವರಿಬ್ಬರಿಗೂ ತಿಳಿಯಬೇಕು. ಹೇಳಿದರೆ ಎಲ್ಲ ಸರಿಹೋಗುತ್ತದೆಂದು ಅವರು ನಂಬಿದ್ದರು. ನಿಜ ಹೇಳಬೇಕೆಂದರೆ ನಾನೂ ನಂಬಿದ್ದೆ.

ಕಳೆದ ವರ್ಷ ಈದಿನ ಮರುದಿನ ಅದು ಕೂಡಿಬಂತು. ತನ್ವಿಯ ರೀಲಿಗೆ ಹೊಸ ದಾರ ತುಂಬಿಸಲು ಹೋದ ನಾನು ಅಲ್ಲಿದ್ದೆ. ಶಿಹಾಬ್ ಮಗಳು ಜುಮಾನಾಳನ್ನು ಕರೆತಂದಿದ್ದ, ಅವಳಿಗೂ ಒಂಬತ್ತು. ರೀಲು ಬೇಕೆಂದು ಹಟ ಹಿಡಿದವಳು ಅವಳೇ. ಅವನು ಹೊಸ್ತಿಲಲ್ಲೇ ನಿಂತಿದ್ದ, ಒಳಗೆ ಬಂದಿರಲಿಲ್ಲ. ರುಕಿಯಮ್ಮ ಪರೀಕ್ಷೆ ಮಾಡಿದರು. ಐವತ್ತು ಸುತ್ತು, ಮಣಿಕಟ್ಟು ಬಾಗಲಿಲ್ಲ. ಸಾವಿರದ ನಂಬರಿನ ರೀಲು ಆ ಕೈಗೆಂದೇ ಮಾಡಿದಂತೆ ಕೂತಿತು. ಆಗ ಅವರು ಹಾಳೆಯನ್ನು ತೆಗೆದು ಕಪಾಟಿನ ಗಾಜಿನ ಮೇಲೆ ಹಾಸಿ, ಮೊಮ್ಮಗಳ ಕೈಯನ್ನು ಆ ಗೆರೆಯೊಳಗೆ ಇಟ್ಟರು. ಸುತ್ತಲೂ ಒಂದೊಂದು ಬೆರಳಿನಷ್ಟು ಜಾಗ ಉಳಿಯಿತು.

"ಇದು ಯಾರ ಕೈ?" ಎಂದಳು ಜುಮಾನಾ.

"ನಿನ್ನ ಬಾಪನದ್ದು. ನಿನ್ನಷ್ಟೇ ಇದ್ದಾಗಿನದ್ದು."

"ಇಷ್ಟು ದೊಡ್ಡದಾ?"

"ಇಷ್ಟು ದೊಡ್ಡದು ಇರಲಿಲ್ಲ ಮಗಾ. ನಾನು ದೊಡ್ಡದು ಮಾಡಿ ಬರೆದೆ." ಹಾಗೆಂದವರು ಗಂಡನ ಕಡೆಗೆ ತಿರುಗಿ, ಮಗನ ಕಡೆಗೆ ತಿರುಗಿ, ಎಲ್ಲವನ್ನೂ ಹೇಳಿದರು. ಅವರು ಆಡಿದ್ದು ಮನೆಮಾತಾದ ಬ್ಯಾರಿ ಭಾಷೆಯಲ್ಲಿ. ನನಗೆ ಆಡಲು ಬಾರದಿದ್ದರೂ ಅರ್ಥವಾಗುತ್ತದೆ.

ಶಿಹಾಬ್ ಹೊಸ್ತಿಲು ದಾಟಿ ಬಂದು ಹಾಳೆಯನ್ನು ನೋಡಿದ. ಕಲ್ಲಿನ ಧೂಳು ಉಗುರಿನ ಸಂದಿಯಲ್ಲಿ ಉಳಿದ ದೊಡ್ಡ ಕೈ ಅವನದು. ಅದನ್ನು ಹಾಳೆಯ ಹತ್ತಿರಕ್ಕೂ ತರಲಿಲ್ಲ.

"ನನಗೆ ಗೊತ್ತಿತ್ತು, ಉಮ್ಮ," ಎಂದ. "ಪೆನ್ಸಿಲ್ ನನ್ನ ಬೆರಳಿಗೆ ಒಂದು ಸಲವೂ ತಾಗಲಿಲ್ಲ."

"ಮತ್ತೆ ಬಂಡೆಯ ಮೇಲೆ ಯಾಕೆ ಹೇಳಲಿಲ್ಲ?" ಎಂದರು ರುಕಿಯಮ್ಮ.

"ನೀವು ಹೇಳುತ್ತೀರಿ ಎಂದು ನಿಮ್ಮನ್ನೇ ನೋಡುತ್ತಾ ಇದ್ದೆ."

ಇಷ್ಟು ವರ್ಷ ರುಕಿಯಮ್ಮ ಮಗನಿಂದ ಮುಚ್ಚಿಟ್ಟೆನೆಂದುಕೊಂಡದ್ದನ್ನು ಮಗ ಅವರಿಂದ ಮುಚ್ಚಿಟ್ಟಿದ್ದ. ಇದಿನಬ್ಬರು ಕುರ್ಚಿಯಿಂದ ಎದ್ದು, ಕಪಾಟಿನ ಅಂಚು ಹಿಡಿದು ಬಂದು, ಬಹಳ ಹೊತ್ತು ಹಾಳೆಯನ್ನು ದಿಟ್ಟಿಸಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ. ಕೊನೆಗೆ ಅವರು ಹೇಳಿದ್ದು, "ಅದು ಜಪಾನಿನ ರೀಲ್. ಒಳ್ಳೆ ರೀಲ್."

ಶಿಹಾಬ್ ಮಗಳ ಕೈಯಿಂದ ಸಣ್ಣ ರೀಲನ್ನು ಮೆಲ್ಲನೆ ಬಿಡಿಸಿ ಗಾಜಿನ ಮೇಲಿಟ್ಟ. "ಇವಳಿಗೆ ಬೇಡ, ಉಮ್ಮ," ಎಂದ. ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಎಂದು ಈಗಲೂ ಅನಿಸುತ್ತದೆ. ಜುಮಾನಾ ಮೆಟ್ಟಿಲು ಇಳಿಯುವವರೆಗೂ ಹಿಂದಿರುಗಿ ನೋಡುತ್ತಲೇ ಇದ್ದಳು. ಅಂದಿನಿಂದ ಅವರು ಬಂದಿಲ್ಲ. ಈ ವರ್ಷದ ಈದಿಗೂ ಬರಲಿಲ್ಲ.

ಮೊನ್ನೆ ಹೋಗಿದ್ದೆ. ಕುಂದಾಪುರದ ಕಡೆಯ ಯಾರದೋ ಮಗುವಿಗೆ ಪರೀಕ್ಷೆ ನಡೆಯುತ್ತಿತ್ತು. ನೀಲಿ ಕೋಟು, ಐವತ್ತು ಸುತ್ತು, ಇವತ್ತಿನ ಕೈಗೆ ಇವತ್ತಿನದ್ದು, ಎಲ್ಲ ಮೊದಲಿನಂತೆಯೇ. ಆ ಸಣ್ಣ ರೀಲು ಗಾಜಿನ ಮೇಲೆ, ಶಿಹಾಬ್ ಇಟ್ಟ ಜಾಗದಲ್ಲೇ ಇದೆ. ಜುಮಾನಾಳಿಗಾಗಿ ಇಟ್ಟದ್ದಾ ಎಂದು ಕೇಳಿದೆ. ರುಕಿಯಮ್ಮ ತಲೆಯೆತ್ತಲಿಲ್ಲ. "ಒಂದು ವರ್ಷ ಆಯಿತು, ಮಾಷ್ಟ್ರೇ. ಅವಳ ಕೈ ಈಗ ಎಷ್ಟು ಉಂಟೋ ನನಗೆ ಗೊತ್ತಿಲ್ಲ. ಇನ್ನು ಇದು ಅವಳಿಗೆ ಸಣ್ಣದಾಗುತ್ತದೆ," ಎಂದರು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಾದೆ ಹೇಳುವವರು ಸುಲಭವಾಗಿ ಹೇಳಿಬಿಡುತ್ತಾರೆ. ರುಕಿಯಮ್ಮನಂಥವರನ್ನು ಕಂಡ ಮೇಲೆ ಆ ಗಾದೆ ನನ್ನ ಬಾಯಿಗೆ ಬರುವುದಿಲ್ಲ. ನಾಳೆಗೆಂದು ಜಾಗ ಬಿಡುವುದನ್ನೇ ಪ್ರೀತಿಯೆಂದು ಕಲಿತ ಈ ಜನ ಮನೆಮನೆಯಲ್ಲೂ ಇದ್ದಾರೆ. ಅವರು ಅಳತೆ ತಪ್ಪುವುದು ಅಕ್ಕರೆಯಿಂದಲೇ, ಬಾಯಿ ಮುಚ್ಚಿಕೊಳ್ಳುವುದೂ ಅಕ್ಕರೆಯಿಂದಲೇ. ತಪ್ಪಿನಿಂದ ಅವರು ಕಲಿಯುವುದಿಲ್ಲ ಎಂದಲ್ಲ, ಬಹಳ ಚೆನ್ನಾಗಿ ಕಲಿಯುತ್ತಾರೆ. ಆ ಕಲಿಕೆ ಕುಂದಾಪುರದಿಂದ ಪಡುಬಿದ್ರಿಯವರೆಗಿನ ಮಕ್ಕಳಿಗೆಲ್ಲ ಒದಗುತ್ತದೆ. ಯಾವ ಒಂದು ಕೈಗಾಗಿ ಕಲಿತರೋ ಆ ಕೈ ಮಾತ್ರ, ಅವರು ಕಲಿತು ಮುಗಿಸುವಷ್ಟರಲ್ಲಿ, ಯಾವ ಅಳತೆಗೂ ಸಿಗದಷ್ಟು ದೂರ ಹೋಗಿರುತ್ತದೆ.