ನಾಂದಿಗೆ ಮೂರು ಗಂಟೆ ಮುಂಚೆ

ಹುಟ್ಟು ಎತ್ತಿದಾಗಲೆಲ್ಲ ನೀರು ತೊಟ್ಟಿಕ್ಕಿ ನನ್ನ ಸೀರೆಯ ಅಂಚು ನೆನೆಯುತ್ತಿದೆ, ಕಂದು ನೀರು, ಹರಿಯದ ನೀರು, ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು, ನೋಡಿದವರು ಏನಂದುಕೊಳ್ಳಬೇಕು, ಇವರಿಗೆ ಅದೆಲ್ಲಿ ತಲೆಗೆ ಹೋಗುತ್ತದೆ, ದೋಣಿಯ ಹಿಂಬದಿಯಲ್ಲಿ ಕೂತು ಹುಟ್ಟು ಹಾಕುತ್ತಾ ಶಿಳ್ಳೆ ಬೇರೆ, ಮದುವೆಯಾದ ಹೊಸದರಲ್ಲಿ ಇದ್ದ ಹಾಗೆ — ರಾಕ್‌ವಿಲ್ಲಿನಲ್ಲಿ ಗೆಳತಿ ಯಾಮಿನಿಯ ಮಗುವಿನ ನಾಮಕರಣ ಮುಗಿಯಿತು, ಸಂಜೆ ಆರಕ್ಕೆ ನಮ್ಮ ಮನೆಯಲ್ಲಿ ನಾಂದಿ ಶಾಸ್ತ್ರ, ನಾಳೆ ಮಗ ಆದಿತ್ಯನ ಮುಂಜಿ, ನಡುವೆ ಎರಡು ಗಂಟೆ ನಮ್ಮದು ಕಣೆ, ಅಟ್ಲಾಂಟಾದ ನೆಂಟ್ರು ಬಂದ್ಬಿಟ್ರೆ ಉಸಿರಾಡೋಕೂ ಟೈಮ್ ಸಿಗಲ್ಲ, ಎಂದು ಕಾರನ್ನು ಕೆನಾಲಿನ ಕಡೆ ತಿರುಗಿಸಿಯೇಬಿಟ್ಟರು, ನಾನು ಬೇಡವೆನ್ನಲಿಲ್ಲ, ಮನೆಗೆ ಹೋಗದಿದ್ದರೆ ಸರಿ, ಮನೆಯಲ್ಲಿ ಫೋನ್ ಇದೆ.

ಬೆಳಿಗ್ಗೆ ಆರೂವರೆಗೆ ಅದು ಹೊಡೆದುಕೊಂಡಾಗ ಇವರು ಸ್ನಾನದಲ್ಲಿದ್ದರು, ಮೈಸೂರಿನಿಂದ ಪ್ರಶಾಂತ್, ಭಾವನ ಮಗ, ಚಿಕ್ಕಮ್ಮ, ಅಪ್ಪಂಗೆ ಸ್ವಲ್ಪ ಹುಷಾರಿಲ್ಲ, ಚಿಕ್ಕಪ್ಪಂಗೆ ಫೋನ್ ಕೊಡ್ತೀರಾ — ಸ್ವಲ್ಪ ಹುಷಾರಿಲ್ಲವೆಂದು ಯಾರಾದರೂ ಅಮೆರಿಕಕ್ಕೆ ಫೋನ್ ಮಾಡುತ್ತಾರೆಯೇ, ನನ್ನಪ್ಪ ಹೋದಾಗಲೂ ಸ್ವಲ್ಪ ಜ್ವರ, ಹೊರಟು ಬಾ ಎಂದಿದ್ದರು, ನಾನು ಇಳಿಯುವಷ್ಟರಲ್ಲಿ ಮೂರನೆಯ ದಿನ, ಸಾವನ್ನು ನಮ್ಮವರು ಫೋನಿನಲ್ಲಿ ಹೇಳುವುದೇ ಇಲ್ಲ, ಅರ್ಥವಾಯಿತು ನನಗೆ, ಭಾವ ಇಲ್ಲ, ಇವರ ಕಿವಿಗೆ ಬಿದ್ದ ಕ್ಷಣದಿಂದ ಹತ್ತು ದಿನ ಸೂತಕ, ಮುಂಜಿ ನಿಂತಂತೆಯೇ, ದೇವಸ್ಥಾನದ ಬುಕಿಂಗು, ಕಾರೊಲೈನಾದಿಂದ ಹೊರಟಿರುವ ಪುರೋಹಿತರು, ನೂರೈವತ್ತು ಜನ — ಕೇಳದಿದ್ದರೆ ಸೂತಕವಿಲ್ಲ, ನಾಂದಿಯಾಗಿಬಿಟ್ಟರೆ ಆಮೇಲೆ ಕೇಳಿದರೂ ತಟ್ಟುವುದಿಲ್ಲ, ನಾನೂ ಕೇಳಿಲ್ಲ, ಪ್ರಶಾಂತ್ ಬಾಯಿಬಿಟ್ಟು ಹೇಳಲಿಲ್ಲವಲ್ಲ, ಆರು ಗಂಟೆಯವರೆಗೆ ತುಟಿ ಬಿಗಿಹಿಡಿದರೆ ಸಾಕು, ಇನ್ನೂ ಎದ್ದಿಲ್ಲ ಕಣೋ, ಆಮೇಲೆ ಮಾಡಿಸ್ತೀನಿ, ಎಂದು ಫೋನ್ ಇಟ್ಟುಬಿಟ್ಟೆ, ಇಟ್ಟು ಕಾಫಿ ಬೆರೆಸಿದೆ. ಸಕ್ಕರೆಯ ಅಳತೆಯೂ ತಪ್ಪಲಿಲ್ಲ, ಅದಕ್ಕೆ ಈಗ ನಾಚಿಕೆಯಾಗುತ್ತಿದೆ.

ಕೆನಾಲಿನ ನೀರು ತಡೆದು ಬಿಡುವ ಲಾಕಿನ ಕಲ್ಲುಗೋಡೆ ಹತ್ತಿರವಾಗುತ್ತಿದೆ, ಪಾಚಿ ಹಿಡಿದ ಗೋಡೆ, ಬುಡದಲ್ಲಿ ನೀರು ಕಪ್ಪು, ದಿಮ್ಮಿಯ ಮೇಲಿದ್ದ ಆಮೆ ಸದ್ದಿಲ್ಲದೆ ಜಾರಿ ಮುಳುಗಿತು, ಇವರ ಶಿಳ್ಳೆ ಯಾಕೆ ನಿಂತಿತು — ಮೈಥಿಲಿ, ನಾಂದಿಗೆ ಮುಂಚೆ ಅಣ್ಣಂಗೊಂದು ಫೋನ್ ಮಾಡ್ಬೇಕು ಕಣೆ, ಅಪ್ಪ ಇರ್ಲಿಲ್ವಲ್ಲ, ನನ್ನ ಮುಂಜಿ ಮಾಡ್ಸಿದ್ದೇ ಅವ್ನು, ದೋಣಿ ವಾಪಸ್ ಕೊಡೋ ಕಡೆ ಪೇ ಫೋನ್ ಇದೆ, ಕಾಲಿಂಗ್ ಕಾರ್ಡ್ ಜೇಬಲ್ಲೇ ಇದೆ — ಅಲ್ಲೀಗ ಮಧ್ಯರಾತ್ರಿ ರೀ, ಮಲಗಿರ್ತಾರೆ — ಎಬ್ಸಿದ್ರೂ ಬಯ್ಯಲ್ಲ ಅವ್ನು, ಅಮೆರಿಕದ ಫೋನ್ ಅಂದ್ರೆ ಪ್ರಶಾಂತನ ಕೈಯಿಂದ ಕಿತ್ಕೊಳ್ತಾನೆ, ನಂಗ್ ಕೊಡೋ ಇಲ್ಲಿ, ನಂಗ್ ಕೊಡೋ ಅಂತ, ಎಂದು ಒಬ್ಬರೇ ನಗುತ್ತಿದ್ದಾರೆ.

ನಂಗ್ ಕೊಡೋ ಇಲ್ಲಿ — ಬೆಳಿಗ್ಗೆ ಕೇಳಿತ್ತು ಅದು, ಪ್ರಶಾಂತನ ಹಿಂದೆ, ಸಣ್ಣಗೆ, ಉಬ್ಬಸದ ನಡುವೆ, ಸಾವಿನ ಮನೆಗೆ ಬಂದ ಯಾರೋ ಹಿರಿಯರು ಎಂದುಕೊಂಡೆ, ಇಲ್ಲ, ಹಾಗೆಂದುಕೊಳ್ಳಲು ನನಗೆ ಬೇಕಾಗಿತ್ತು, ಸಾವಿನ ಮನೆಯಾದರೆ ಅಳು ಕೇಳಬೇಕಿತ್ತಲ್ಲ, ಒಂದು ಬಿಕ್ಕಳಿಕೆಯೂ ಇರಲಿಲ್ಲ, ಭಾವ ಬದುಕಿದ್ದರು, ಮಂಚದಿಂದ ಕೈ ಚಾಚಿದ್ದರು, ತಮ್ಮನ ದನಿಗಾಗಿ ಚಾಚಿದ ಕೈಗೆ ನಾನು ಫೋನ್ ಇಟ್ಟ ಸದ್ದು ಕೊಟ್ಟೆ, ಅದಾಗಿ ಎಂಟೂವರೆ ಗಂಟೆ ಕಳೆಯಿತು, ಈಗ ಇದ್ದಾರೋ ಇಲ್ಲವೋ, ಇದ್ದರೆ ಈಗಲೇ ಹೇಳಬೇಕು, ಇಲ್ಲದಿದ್ದರೆ ಹೇಳಲೇಬಾರದು, ಯಾವುದೆಂದು ತಿಳಿಯುವ ಹೊತ್ತಿಗೆ ಇವರಿಗೂ ತಿಳಿದಿರುತ್ತದೆ, ಚಾಚಿದ ಆ ಕೈ, ಕಣ್ಣು ಮುಚ್ಚಿದರೂ ಅದೇ — ದೋಣಿ ದಡಕ್ಕೆ ತಾಗಿತು, ಇವರು ಮೊದಲು ಇಳಿದರು, ಬಗ್ಗಿದರು, ಕೈ ಕೊಡು ಮೈಥಿಲಿ, ನಿಧಾನ, ಅದೇ ಉದ್ದ ಬೆರಳು, ಅದೇ ಅಗಲ ಉಗುರು, ಅಣ್ಣತಮ್ಮಂದಿರದು ಒಂದೇ ಕೈ, ಹಿಡಿಯಬೇಕು, ಹಿಡಿಯಲಾರೆ, ಯಾಕೆ ಹಾಗ್ ಕೂತ್ಬಿಟ್ಟೆ, ಕೈ ಕೊಡೆ, ಚಾಚಿಯೇ ಇದೆ, ಆ ಕೈ, ಚಾಚಿಯೇ —