ಬೆನ್ನಿಗೆ ಬೆನ್ನು

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದಳು. ಕಂದು ಬಣ್ಣದ ಗಾಜು. ಒಳಗಿನ ಔಷಧಿ ಇಲ್ಲಿಯವರೆಗಿದೆ ಅನ್ನಿಸಿದ ಕಡೆಗೆ ಸರಿಯಾಗಿ ಕಂಪನಿಯ ಚೀಟಿ ಅಡ್ಡ ಬರುತ್ತಿತ್ತು. ಉಗುರಿನಿಂದ ಅದರ ಅಂಚನ್ನು ಕೆರೆಯತೊಡಗಿದಾಗ ಹಿಂದಿನಿಂದ ಚಿಕ್ಕತ್ತೆಯ ದನಿ ಕೇಳಿತು. ಅತ್ತೆಯ ತಂಗಿ ಅವರು. ಬೆಳಗಿನಿಂದ ಮನೆಯ ಉಸ್ತುವಾರಿಯೆಲ್ಲ ಅವರದೇ.

"ಒಗೆದಿರೋ ಹೊದಿಕೆ ಎಲ್ಲಿಟ್ಟಿದೀಯಮ್ಮಾ?"

ಬೀರುವಿನ ಕೆಳಗಿನ ಅರೆಯಲ್ಲಿದೆ ಎಂದಳು. ಚಿಕ್ಕತ್ತೆ ಅವಳ ಕೈಯಲ್ಲಿದ್ದುದನ್ನು ನೋಡಿ, ಇನ್ನು ಅದೇಕೆ, ಆಚೆ ಎಸೆದುಬಿಡು ಎಂದು ಹೇಳಿ ಹೋದರು. ಅವಳು ಎಸೆಯಲಿಲ್ಲ. ಅಡುಗೆಮನೆಯ ಗೂಡಿನಲ್ಲಿ, ಸಕ್ಕರೆ ಡಬ್ಬಿಯ ಹಿಂದೆ, ಇದ್ದಲ್ಲಿಯೇ ಇಟ್ಟಳು.

ಹೊರಕೋಣೆಯಲ್ಲಿ ಅವಳ ಗಂಡನನ್ನು ಮಲಗಿಸಿದ್ದರು. ಬೆಳಗಿನ ಜಾವ ಹೋಗಿದ್ದ. ಬಂದು ನೋಡಿದ ಡಾಕ್ಟರು ಹೊಟ್ಟೆಯ ಗಡ್ಡೆಯ ಹೆಸರು ಬರೆದು ಸಹಿ ಹಾಕಿ, ಇದು ಗೊತ್ತಿದ್ದದ್ದೇ ಅಲ್ಲವೇ ಎಂದಿದ್ದರು. ಅವನ ಅಣ್ಣ ದೂರದಿಂದ ಬರಬೇಕಿತ್ತು. ಅವನು ಬಂದು ಮುಖ ನೋಡಿದ ಮೇಲೆ ಗಾಡಿ ಹೊರಡುವುದು. ಅಲ್ಲಿಯವರೆಗೆ ಎಲ್ಲರಿಗೂ ಕಾಯುವುದೊಂದೇ ಕೆಲಸ.

ಅತ್ತೆ ಮಗನ ತಲೆಯ ಬಳಿ ಕೂತಿದ್ದರು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು.

"ಸಂಜೆ ಔಷಧಿ ಕುಡಿಯೋಕೆ ಮುಂಚೆ 'ಐದು' ಅಂದ. ನಾನು ಬಾಗಿಲಲ್ಲೇ ನಿಂತಿದ್ದೆ, ಚೆನ್ನಾಗಿ ಕೇಳಿಸ್ತು. ಔಷಧಿ ಕುಡಿದ. ಅಷ್ಟೆ, ಆಮೇಲೆ ಬಾಯಿ ಬಿಡ್ಲಿಲ್ಲ ನನ್ನ ಮಗ."

ಯಾವ ಐದು ಎಂಬುದರ ಬಗ್ಗೆ ಕೋಣೆಯಲ್ಲಿ ತಗ್ಗಿದ ದನಿಯ ಮಾತು ನಡೆಯಿತು. ಗಂಟೆ ಕೇಳಿರಬೇಕು ಎಂದರೊಬ್ಬರು. ಯಾರನ್ನೋ ಕಾಯುತ್ತಿದ್ದ ಎಂದರು ಇನ್ನೊಬ್ಬರು. ಅವನ ಜೊತೆಯಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದವನು ಗೋಡೆಗೆ ಒರಗಿ ಕೂತಿದ್ದ. ಎಷ್ಟು ಉಜ್ಜಿ ತೊಳೆದರೂ ಉಗುರ ಸಂದಿ ಕಪ್ಪಾಗಿಯೇ ಇರುತ್ತಿದ್ದುದರಿಂದ ಎಲ್ಲರೂ ಅವನನ್ನು ಗ್ರೀಸ್ ಎಂದೇ ಕರೆಯುತ್ತಿದ್ದರು.

"ಐದನೇ ಮಹಡಿ ಕಣಮ್ಮ," ಎಂದ ಗ್ರೀಸ್. "ಆ ಹಳೇ ಆಫೀಸಿನ ಲಿಫ್ಟು ಯಾವಾಗ ಕೆಟ್ರೂ ಐದರಲ್ಲೇ ನಿಲ್ತಿತ್ತು. ಆರಕ್ಕೆ ಹೋಗಪ್ಪಾ ಅಂದ್ರೆ ಹಠ. ನಮ್ಮಿಬ್ಬರ ಪ್ರಾಣ ತಿಂದುಬಿಡ್ತು. ಅದೇ ತಲೇಲಿತ್ತು ಅವನಿಗೆ."

ಯಾರೋ ನಕ್ಕು, ನಕ್ಕದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಅತ್ತೆಗೆ ಆ ಮಾತು ಹಿಡಿಸಿತು. ಆಮೇಲೆ ಬಂದವರಿಗೆ, ಕೊನೆಗಳಿಗೆಯಲ್ಲೂ ಕೆಲಸದ ಮೇಲೇ ಜೀವ ಇತ್ತು ಎಂದು ಸೇರಿಸಿ ಹೇಳತೊಡಗಿದರು.

ಅವಳು ಅಡುಗೆಮನೆಯ ಬಾಗಿಲಿಗೆ ಆತು ನಿಂತು ಕೇಳಿಸಿಕೊಂಡಳು. ಅದು ಯಾವ ಐದು ಎಂದು ಅವಳಿಗೆ ಗೊತ್ತಿತ್ತು.

* * *

ಮದುವೆಯಾದ ಮೇಲೆ ಅವನೇ ಅವಳನ್ನು ನರ್ಸಿಂಗ್ ಕಾಲೇಜಿಗೆ ಸೇರಿಸಿದ್ದ. ಬೇರೆ ಪಾಠಗಳು ಹೇಗೋ ತಲೆಗೆ ಹತ್ತಿದವು, ಔಷಧಿಯ ಲೆಕ್ಕ ಹತ್ತಲಿಲ್ಲ. ಅದನ್ನು ಕಲಿಸುವ ಮೇಡಂಗೆ ಹುಡುಗಿಯರು ಸೊನ್ನೆ ಮೇಡಂ ಎಂದು ಹೆಸರಿಟ್ಟಿದ್ದರು. ಅರ್ಧವನ್ನು ಬರೆಯುವಾಗ ಚುಕ್ಕಿಯ ಎಡಕ್ಕೆ ಸೊನ್ನೆ ಹಾಕದೆ ಬರೀ ಚುಕ್ಕಿ ಐದು ಎಂದು ಬರೆದವರ ಇಡೀ ಪತ್ರಿಕೆಗೇ ಸೊನ್ನೆ ಕೊಡುತ್ತಿದ್ದರು. ಚುಕ್ಕಿ ಸಣ್ಣದು, ಅವಸರದಲ್ಲಿ ಕಣ್ಣು ತಪ್ಪುತ್ತದೆ. ಆಗ ಅರ್ಧ ಐದಾಗುತ್ತದೆ, ಹಾಸಿಗೆಯಲ್ಲಿದ್ದವನು ಹತ್ತರಷ್ಟು ಔಷಧಿ ಕುಡಿಯುತ್ತಾನೆ.

ಆ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದರೆ ಪಾಸು, ಒಂದು ತಪ್ಪಿದರೂ ಫೇಲು. ತಪ್ಪಿದವರು ತರಗತಿಯ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ಆ ಮುಚ್ಚಿದ ಬಾಗಿಲಿಗೆ ಸುದ್ದಿ ಹೇಳಬೇಕಿತ್ತು. ಬಾಗಿಲೆಂದರೆ ರೋಗಿಯ ಮನೆಯವರು.

"ನಿಮ್ಮ ಯಜಮಾನ್ರು ಹೋಗ್ಬಿಟ್ರು," ಎಂದಿದ್ದಳು ಅವಳು ಮೊದಲ ಸಲ, ಬಣ್ಣ ಎದ್ದ ಹಲಗೆಯನ್ನು ನೋಡುತ್ತ. "ಔಷಧಿ ಜಾಸ್ತಿ ಕೊಟ್ಟೆ. ತಪ್ಪು ನನ್ನದು."

ಒಳಗೆ ಹುಡುಗಿಯರು ಕಿಸಕ್ಕೆಂದರು.

"ಕೇಳಿಸ್ಲಿಲ್ಲ," ಎಂದರು ಮೇಡಂ ಒಳಗಿನಿಂದ. "ಅವಳ ಗಂಡ ಅವನು. ಅವಳಿಗೆ ಕೇಳಿಸೋ ಹಾಗೆ ಹೇಳು."

ಇನ್ನೊಂದು ರೂಢಿಯನ್ನೂ ಮೇಡಂ ಹಾಕಿದ್ದರು. ಔಷಧಿ ಕೊಡುವ ಮುಂಚೆ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂತು, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ ಲೆಕ್ಕ ಮಾಡಿ, ಉತ್ತರವನ್ನು ಒಟ್ಟಿಗೆ ಹೇಳಬೇಕು. ಬೇರೆ ಬೇರೆ ಬಂದರೆ ಮತ್ತೆ ಮೊದಲಿನಿಂದ. ಕಾಲೇಜಿನಲ್ಲಿ ಅವಳಿಗೆ ಜೊತೆಯಿತ್ತು, ಮನೆಯಲ್ಲಿ ಇರಲಿಲ್ಲ. ಗಂಡ ಕೆಲಸದ ಬಟ್ಟೆಯಲ್ಲೇ ಮಂಚದ ಮೇಲೆ ತಿರುಗಿ ಕೂತು ಬೆನ್ನು ಕೊಟ್ಟ. ತಮ್ಮ ಲಿಫ್ಟ್ ಕೆಲಸದಲ್ಲೂ ಹೀಗೇ ಎಂದ. ಮೇಲೆ ಹತ್ತಿದವನು ಕೂಗಿ ಹೇಳುವ ತನಕ ಕೆಳಗಿರುವವನು ಸ್ವಿಚ್ ಮುಟ್ಟುವ ಹಾಗಿಲ್ಲ, ಮುಟ್ಟಿದರೆ ಮೇಲಿನವನ ಕತೆ ಮುಗಿಯಿತು.

ಬೇಕಾದದ್ದು ಮೇಲೆ, ಇರುವುದು ಕೆಳಗೆ, ಭಾಗಿಸು ಎಂದು ಅವಳು ಸೂತ್ರ ಹೇಳಿಕೊಟ್ಟಳು.

"ನಮ್ಮ ಸಂಸಾರದ ಲೆಕ್ಕಾನೂ ಅದೇ ಅಲ್ವಾ ಸಿಸ್ಟರ್?" ಎಂದ ಅವನು. ಕಾಲೇಜು ಸೇರಿದ ದಿನದಿಂದ ಅವಳನ್ನು ಹಾಗೇ ಕರೆಯುತ್ತಿದ್ದ. ಕಟ್ಟಿಕೊಂಡವಳನ್ನು ಸಿಸ್ಟರ್ ಅನ್ನುತ್ತಾನಲ್ಲ, ನಾಚಿಕೆ ಇಲ್ಲದವನು ಎಂದು ಅತ್ತೆ ಒಳಗಿನಿಂದ ಬೈಯುತ್ತಿದ್ದರು.

ಯಾವ ಲೆಕ್ಕ ಕೊಟ್ಟರೂ ಅವನ ಉತ್ತರ ಒಂದೇ. ಐದು.

"ಅದೆಲ್ಲಿಂದ ಬಂತು ಐದು?"

"ತಪ್ಪು ಅಂತ ತೋರಿಸು. ಅದಕ್ಕೇ ತಾನೆ ನಾನು ಕೂತಿರೋದು."

ಅವಳು ತೋರಿಸುತ್ತಿದ್ದಳು. ತೋರಿಸಿ ತೋರಿಸಿಯೇ ಲೆಕ್ಕ ಬಂತು. ಮುಗಿದ ಕೂಡಲೇ ಅವನು ಹೇಳದೆ ಕೇಳದೆ ಎದ್ದುಬಿಡುತ್ತಿದ್ದ. ಆಸರೆ ತಪ್ಪಿ ಅವಳು ಮಂಚದ ಮೇಲೆ ಅಂಗಾತ ಬೀಳುತ್ತಿದ್ದಳು. ಏಳುತ್ತಾನೆಂದು ಗೊತ್ತಿದ್ದೂ ಪ್ರತಿ ಸಲ ಬೀಳುತ್ತಿದ್ದಳು.

* * *

ಹೊರಕೋಣೆಯಲ್ಲಿ ಜನ ಹೆಚ್ಚಿದ್ದರು. ಪಕ್ಕದ ಮನೆಯಿಂದ ಕುರ್ಚಿಗಳು ಬಂದವು. ಅವಳು ಬಂದವರಿಗೆ ನೀರು ಕೊಟ್ಟಳು, ಖಾಲಿ ಲೋಟ ತೆಗೆದುಕೊಂಡು ಬಂದು ತೊಳೆದಳು. ಕೂತುಕೋ ಎಂದು ಚಿಕ್ಕತ್ತೆ ಎರಡು ಸಲ ಹೇಳಿದರು. ಕೂರಲಿಲ್ಲ. ಕಣ್ಣಲ್ಲಿ ಒಂದು ಹನಿಯಿಲ್ಲ ನೋಡು ಎಂದು ಯಾರೋ ಹೆಂಗಸು ಪಿಸುಗುಟ್ಟಿದ್ದು ಕೇಳಿಸಿತು.

"ಔಷಧಿ ಕೊಡ್ತಿದ್ದಿದ್ದು ಇವಳೇ ಅಂತೆ," ಎಂದಿತು ಅದೇ ದನಿ. "ಇನ್ನೂ ಕಲೀತಾ ಇರೋಳು."

"ಕಲೀತಾ ಇದ್ರೇನು?" ಎಂದರು ಚಿಕ್ಕತ್ತೆ. "ಬೇರೆ ಯಾರು ಮಾಡಿದ್ರು ಅಷ್ಟು? ನೀವು ಬಂದಿದ್ರಾ?"

ಅಡುಗೆಮನೆಯಲ್ಲಿ ಅವಳ ಕೈಯ ಲೋಟ ಜಾರಿ ತೊಟ್ಟಿಗೆ ಬಿತ್ತು. ಎತ್ತಿ ಮತ್ತೆ ತೊಳೆದಳು.

* * *

ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದ ಮೇಲೆ ನೋವಿನ ಔಷಧಿಯೊಂದೇ ಉಳಿದಿತ್ತು. ಹೊತ್ತಿಗೆ ಹತ್ತು ಮಿಲಿಗ್ರಾಂ. ಒಂದೊಂದು ಮಿಲಿಯಲ್ಲೂ ಎರಡು ಮಿಲಿಗ್ರಾಂ ಇರುವ ಬಾಟಲಿ. ಮೊದಲ ದಿನ ಬೆನ್ನಿಗೆ ಬೆನ್ನು ಕೊಟ್ಟು ಲೆಕ್ಕ ಮಾಡಿದಾಗ ಐದು ಮಿಲಿ ಎಂದು ಬಂತು.

"ಕೊನೆಗೂ ನನ್ನ ಉತ್ತರ ಸರಿಹೋಯ್ತು ನೋಡು," ಎಂದಿದ್ದ ಅವನು.

ಅಂದಿನಿಂದ ಪ್ರತಿ ಹೊತ್ತಿಗೂ ಸೂಜಿಯಿಲ್ಲದ ಸಿರಿಂಜನ್ನು ತುಂಬ ಎಳೆದು, ಐದರ ಗೆರೆಗೆ ನಿಲ್ಲಿಸಿ, ಅವನ ಕೆನ್ನೆಯ ಒಳಗೆ ಮೆಲ್ಲನೆ ಬಿಡುತ್ತಿದ್ದಳು. ಕೊನೆಕೊನೆಗೆ ಗೆರೆ ನೋಡುವ ಅಗತ್ಯವೂ ಬೀಳುತ್ತಿರಲಿಲ್ಲ. ಹೆಬ್ಬೆರಳಿಗೇ ಗೊತ್ತಾಗುತ್ತಿತ್ತು.

ನಿನ್ನೆ ಹಳೆಯ ಬಾಟಲಿ ಮುಗಿಯಿತು. ಅಂಗಡಿಯಲ್ಲಿ ಅದೇ ಔಷಧಿ ಇತ್ತು, ಆದರೆ ಎರಡರಷ್ಟು ಗಟ್ಟಿ. ಒಂದು ಮಿಲಿಯಲ್ಲಿ ನಾಲ್ಕು ಮಿಲಿಗ್ರಾಂ. ಅಂಗಡಿಯವನೂ ಎಚ್ಚರಿಸಿ ಕೊಟ್ಟಿದ್ದ. ಮನೆಗೆ ಬಂದು ಗಂಡನನ್ನು ಎಬ್ಬಿಸಿ ಕೂರಿಸಿ, ಬೀಳದಂತೆ ತನ್ನ ಬೆನ್ನಿಗೆ ಒರಗಿಸಿಕೊಂಡಳು. ಅವನ ಬೆನ್ನಿನ ಮೂಳೆಗಳು ಒತ್ತುತ್ತಿದ್ದವು. ಬೇಕಾದದ್ದು ಹತ್ತು, ಇರುವುದು ನಾಲ್ಕು ಎಂದು ಲೆಕ್ಕ ಹೇಳಿ, ಕಾದಳು.

"ಐದು," ಎಂದ ಅವನು.

ತಮಾಷೆಗೆ ಅಂದನೋ, ಅಭ್ಯಾಸದಿಂದ ಬಂತೋ ತಿಳಿಯಲಿಲ್ಲ. ಅವನ ತಲೆ ಅವಳ ಭುಜಕ್ಕೆ ಜೋತುಬಿತ್ತು. ಅವನನ್ನು ದಿಂಬಿಗೆ ಒರಗಿಸಿದ್ದು ನೆನಪಿದೆ. ಬಾಗಿಲಲ್ಲಿ ಅತ್ತೆ, ಬೇಗ ಕೊಡಮ್ಮಾ, ನೋವು ತಿಂತಾ ಇದಾನೆ ಎಂದದ್ದು ನೆನಪಿದೆ. ತುಟಿ ಒರೆಸಿದ್ದು ನೆನಪಿದೆ. ಸಿರಿಂಜನ್ನು ಎಲ್ಲಿಯವರೆಗೆ ಎಳೆದಳು ಎಂಬುದು ಮಾತ್ರ ನೆನಪಿಲ್ಲ. ಅವನು ನಿದ್ದೆಹೋದ. ರಾತ್ರಿಯ ಔಷಧಿಗೆ ಎಬ್ಬಿಸಲು ಮನಸ್ಸಾಗದೆ ಹಾಗೇ ಬಿಟ್ಟಳು. ಆ ನಿದ್ದೆಯಿಂದ ಅವನು ಏಳಲಿಲ್ಲ.

* * *

ಸೊನ್ನೆ ಮೇಡಂ ಮಧ್ಯಾಹ್ನ ಬಂದರು. ಮಂಡಿನೋವಿನ ಹೆಂಗಸು, ಮೆಟ್ಟಿಲು ಹತ್ತಿ ಬಂದದ್ದಕ್ಕೆ ಏದುತ್ತಿದ್ದರು. ಹೊರಕೋಣೆಯಲ್ಲಿ ಅತ್ತೆಯ ಕೈ ಹಿಡಿದು, ಐದರ ಕತೆ ಕೇಳಿಸಿಕೊಂಡರು. ಆಮೇಲೆ ಅವಳನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದರು.

ಅವಳು ಬಾಗಿಲನ್ನು ಅರ್ಧ ಮುಂದೆ ಮಾಡಿದಳು. ಏನೂ ಮುಚ್ಚಿಡದೆ, ಹೊಸ ಬಾಟಲಿಯಿಂದ ಹಿಡಿದು ಬೆಳಗಿನವರೆಗೆ, ವಾರ್ಡಿನಲ್ಲಿ ಪಾಳಿ ಬದಲಿಸುವಾಗ ಹೇಳುವ ಹಾಗೆ ಹೇಳಿದಳು. ಹಾಗೇನೂ ಆಗಿರುವುದಿಲ್ಲ ಬಿಡು ಎಂದು ಮೇಡಂ ಅನ್ನಲಿಲ್ಲ.

"ಬಾಟಲಿ ಎಷ್ಟರದು?"

"ಮೂವತ್ತು ಮಿಲಿ."

"ಒಂದೇ ಸಲ ಕೊಟ್ಟಿದ್ದಾ? ಬೇರೆ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಮೇಡಂ. ಒಂದೇ ಸಲ."

"ಹಾಗಾದ್ರೆ ಉಳಿದಿರೋದನ್ನ ಅಳೆದ್ರೆ ಗೊತ್ತಾಗತ್ತೆ. ಐದೈದರ ಹಾಗೆ ಎಳೆಯೋದು. ಐದು ಸಲ ತುಂಬಿ ಬಾಟಲಿ ಖಾಲಿಯಾದ್ರೆ ನೀನು ಕೊಟ್ಟಿದ್ದು ಐದು. ಆರನೇ ಸಲ ಅರ್ಧ ಸಿರಿಂಜು ಬಂದ್ರೆ ಎರಡೂವರೆ."

ಅವಳಿಗೂ ಅದು ಗೊತ್ತಿತ್ತು. ಬೆಳಗಿನಿಂದ ಗೊತ್ತಿತ್ತು.

"ಐದು ಅಂತ ಬಂದ್ರೆ?" ಎಂದಳು.

ಮೇಡಂ ಅರ್ಧ ಮುಂದೆ ಮಾಡಿದ್ದ ಬಾಗಿಲನ್ನು ನೋಡಿದರು. ಅದರ ಆಚೆ ಅತ್ತೆ ಯಾರಿಗೋ ಮೊದಲಿನಿಂದ ಹೇಳುತ್ತಿದ್ದರು.

"ಬಂದ್ರೆ ಅವರಿಗೆ ಹೇಳ್ಬೇಕಾಗತ್ತೆ. ಬಾಗಿಲಿಗಲ್ಲ. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಅವಳು ಬಾಟಲಿ, ಸಿರಿಂಜು, ಒಂದು ಒಣ ಲೋಟ ತಂದಿಟ್ಟಳು. ಮೇಡಂ ಗೋಡೆ ಹಿಡಿದು, ಒಂದೊಂದೇ ಮಂಡಿ ಮಡಿಸಿ ನೆಲಕ್ಕೆ ಕೂತರು. ಅವಳು ಬೆನ್ನು ತಿರುಗಿಸಿ ಕೂತಳು. ಮೊದಲು ಮೇಡಂ ಅಳೆದರು. ಸಿರಿಂಜು ಎಳೆಯುವ ಸದ್ದು, ಲೋಟಕ್ಕೆ ಬಿಡುವ ಸದ್ದು. ಒಂದು. ಎರಡು. ಅವಳು ಎದುರಿನ ಗೋಡೆಯ ಒದ್ದೆ ಕಲೆಯನ್ನು ನೋಡುತ್ತಿದ್ದಳು. ಐದು. ಮತ್ತೆ ಎಳೆಯುವಾಗ ಬಾಟಲಿಯ ತಳದಲ್ಲಿ ಗಾಳಿ ಸುರ್ರೆಂದಿತು. ಅವಳ ಬೆನ್ನು ಬಿಗಿಯಾಯಿತು. ಲೋಟವನ್ನೂ ಸಿರಿಂಜನ್ನೂ ಬಾಟಲಿಯನ್ನೂ ಮೇಡಂ ಪಕ್ಕದಿಂದ ಅವಳ ಕಡೆಗೆ ದೂಡಿದರು.

ಈಗ ಅವಳು ಲೋಟದಿಂದ ಎಳೆದು ಬಾಟಲಿಗೆ ಬಿಡತೊಡಗಿದಳು. ಪ್ರತಿ ಸಲವೂ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಐದನೆಯ ಸಲವಾದ ಮೇಲೆ ಲೋಟವನ್ನು ಓರೆ ಮಾಡಿದಳು. ಆರನೆಯ ಸಲ ಎಳೆದು, ಗಾಳಿಯ ಸದ್ದು ಬಂದಲ್ಲಿ ನಿಲ್ಲಿಸಿದಳು. ಎತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಆಯ್ತಾ?" ಎಂದರು ಮೇಡಂ.

"ಹೂಂ."

"ಹೇಳು."

"ಎರಡೂವರೆ," ಎಂದವು ಎರಡು ದನಿಗಳು, ಒಟ್ಟಿಗೆ.

ಕೆಳಗೆ ಬೀದಿಯಲ್ಲಿ ಕಾರಿನ ಬಾಗಿಲು ಬಡಿದ ಸದ್ದಾಯಿತು. ಹೊರಕೋಣೆಯಲ್ಲಿ ಕುರ್ಚಿಗಳು ಸರಿದವು. ಅಣ್ಣ ಬಂದ, ದಾರಿ ಬಿಡಿ ಎಂದು ಗ್ರೀಸ್ ಹೇಳುತ್ತಿದ್ದ. ಅತ್ತೆಯ ಅಳು ಒಮ್ಮೆಲೆ ಜೋರಾಯಿತು.

ಮೇಡಂ ಏಳಲೆಂದು ಒಂದು ಕೈಯನ್ನು ನೆಲಕ್ಕೆ ಊರಿದರು. ಆಗ ಅವರ ಬೆನ್ನ ಮೇಲೆ ಭಾರ ಬಿತ್ತು. ಮೊದಲು ತಲೆ, ಆಮೇಲೆ ಭುಜಗಳು, ಆಮೇಲೆ ಇಡೀ ಮೈ. ಆ ಮೈ ಅದುರುತ್ತಿತ್ತು, ಸದ್ದಿರಲಿಲ್ಲ. ಆಮೇಲೆ ಸದ್ದೂ ಬಂತು.

ಚಿಕ್ಕತ್ತೆ ಬಾಗಿಲು ತಳ್ಳಿ ಇಣುಕಿ, ಏಳಿ, ಇನ್ನೇನು ಹೊರಡಿಸ್ತಾರೆ ಎಂದರು.

ಮೇಡಂ ಊರಿದ್ದ ಕೈಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಏಳಲಿಲ್ಲ.