ಕಲಿಕಟ್ಟೆಯ ಕಿನ್ನಿ

ತುಳುವಿನಲ್ಲಿ ಕಲಿ ಎಂದರೆ ಶೇಂದಿ. ಕನ್ನಡದಲ್ಲಿ ಕಲಿ ಎಂದರೆ ವೀರ. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಮಂಗಳೂರಿನಲ್ಲೇ ಐವತ್ತನಾಲ್ಕು ವರ್ಷ ಕಳೆದ ನನಗೆ ಇದು ಗೊತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬಲೂಬಾರದು. ಗೊತ್ತಿತ್ತು. ಓದಲಿಲ್ಲ, ಅಷ್ಟೇ.

ನಾನು ಎಲೇನ್. ಕದ್ರಿಯ ಹತ್ತಿರ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ನಮ್ಮ ಮಕ್ಕಳಿಗೆ ಪಾಣಿಪತ್ತಿನ ಮೂರು ಯುದ್ಧಗಳೂ ಬಾಯಿಪಾಠ. ಶಾಲೆಯ ಹಿಂದಿನ ಗಲ್ಲಿಗೆ ಅದರ ಹೆಸರು ಯಾಕೆ ಬಂತು ಎಂದು ಕೇಳಿದರೆ ಕಣ್ಣು ಪಿಳಿಪಿಳಿ. ಆ ಸಿಟ್ಟಿನಲ್ಲೇ ನಾನು ಊರಿನ ಚರಿತ್ರೆಯ ವೆಬ್‌ಸೈಟಿನ ಕೆಲಸಕ್ಕೆ ಕೈ ಹಾಕಿದ್ದು. ಹಿರಿಯರ ಮಾತನ್ನು ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಒಂದು ಟ್ರಸ್ಟಿನವರು ಅದರಿಂದ ಕನ್ನಡದಲ್ಲಿ ಪುಟ್ಟ ಪಾಠ ಬರೆದು ಹಾಕುತ್ತಿದ್ದರು. ಟೀಚರುಗಳು ಅದನ್ನು ಇಳಿಸಿಕೊಂಡು ತರಗತಿಯಲ್ಲಿ ಹೇಳುತ್ತಿದ್ದರು.

ಎಂಟನೇ ತರಗತಿಯ ನಿರೀಕ್ಷಾಳ ಅಜ್ಜ ನೋಣಯ್ಯ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆಯ ಹಿಂದಿದ್ದ ಕಲಿಕಟ್ಟೆಯ ಕಥೆಯನ್ನು ತುಳುವಿನಲ್ಲಿ ಇಪ್ಪತ್ತಾರು ನಿಮಿಷ ಹೇಳಿದರು. ಅವರ ತಾಯಿ ಕಿನ್ನಿ ಆ ಕಟ್ಟೆಯಲ್ಲಿ ಕೂತು ಶೇಂದಿ ಮಾರುತ್ತಿದ್ದಳು. ಮಣ್ಣು ಹೊರುವ ಹೆಂಗಸರು ಬೆಳಿಗ್ಗೆ ತಮ್ಮ ಹಸುಗೂಸುಗಳನ್ನು ಅವಳ ಹತ್ತಿರ ಬಿಟ್ಟು ಒಳಗೆ ಹೋಗುತ್ತಿದ್ದರು. ಹಲಸಿನ ಕೊಂಬೆಗೆ ಹಳೆ ಸೀರೆಯ ತೊಟ್ಟಿಲುಗಳು. ಕಿನ್ನಿ ಒಂದು ಕೈಯಲ್ಲಿ ಶೇಂದಿ ಅಳೆಯುತ್ತಿದ್ದಳು, ಇನ್ನೊಂದು ಕೈಯಲ್ಲಿ ತೊಟ್ಟಿಲು ತೂಗುತ್ತಿದ್ದಳು. ಅವಳದೊಂದು ಫೋಟೋ ಇಲ್ಲ, ಅವಳ ಹೆಸರಿರುವ ಒಂದು ಕಾಗದವಿಲ್ಲ. ಕಟ್ಟೆ ಇದ್ದಲ್ಲಿ ಈಗ ಅಪಾರ್ಟ್‌ಮೆಂಟಿನ ಗೇಟು.

"ಅಪ್ಪೆನ ಪುದರ್ ಒಂಜಿ ಒರಿಯಡ್ ಟೀಚರೇ," ಎಂದಿದ್ದರು ನೋಣಯ್ಯ. ಅಮ್ಮನ ಹೆಸರೊಂದು ಉಳಿಯಲಿ. ಉಳಿಯುತ್ತದೆ ಎಂದು ನಾನು ಮಾತು ಕೊಟ್ಟೆ.

ಪಾಠ ಬರೆದವರಿಗೆ ತುಳು ಬರುತ್ತಿರಲಿಲ್ಲ. ರೆಕಾರ್ಡಿಂಗನ್ನು ಕೇಳುವ ಗೋಜಿಗೂ ಹೋಗಲಿಲ್ಲ. ಕಲಿಕಟ್ಟೆ ಎಂಬ ಹೆಸರು ನೋಡಿ, ಹಿಂದೆ ಯುದ್ಧದಲ್ಲಿ ಮಡಿದ ಕಲಿಗಳ ನೆನಪಿಗೆ ಕಟ್ಟಿಸಿದ ಕಟ್ಟೆ ಎಂದು ಬರೆದುಬಿಟ್ಟರು. ಸರಿಯುಂಟಾ ನೋಡಿ ಎಂದು ನನಗೆ ವಾಟ್ಸಾಪಿನಲ್ಲಿ ಕಳಿಸಿದರು. ಆಗ ನನ್ನ ಮುಂದೆ ಉತ್ತರಪತ್ರಿಕೆಗಳ ರಾಶಿ. ಓದದೆ, ಸರಿ ಎಂಬ ಹೆಬ್ಬೆರಳಿನ ಚಿತ್ರ ಒತ್ತಿದೆ. ಆ ಹೆಬ್ಬೆರಳನ್ನು ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ನನಗೆ ಗೊತ್ತಾದದ್ದು ಮಕ್ಕಳ ದಿನಾಚರಣೆಯಲ್ಲಿ. ನಮ್ಮದೇ ಶಾಲೆಯ ಏಳು ಮಕ್ಕಳು ರಟ್ಟಿನ ಕತ್ತಿ ಹಿಡಿದು, ಕಲಿಕಟ್ಟೆಯ ವೀರರು ಎಂದು ವೇದಿಕೆ ಹತ್ತಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹೊರಗೆ ಹೋಗಿ ಟ್ರಸ್ಟಿನ ಕಾರ್ಯದರ್ಶಿ ಚಿತ್ತರಂಜನರಿಗೆ ಫೋನ್ ಮಾಡಿದೆ.

"ಅಯ್ಯೋ, ಹೌದಾ?" ಎಂದು ನಕ್ಕರು ಅವರು. "ಆದ್ರೆ ಟೀಚರೇ, ನೀವೇ ಓಕೆ ಮಾಡಿದ್ದಲ್ವಾ? ನಲ್ವತ್ತು ಶಾಲೆಯವ್ರು ಇಳಿಸಿಕೊಂಡಾಗಿದೆ."

"ತಪ್ಪು ನನ್ನದೇ. ಈಗ ತಿದ್ದಿ."

"ತಿದ್ದಿ ಎಂತ ಬರೆಯುವುದು? ಶೇಂದಿ ಮಾರುವವಳ ಕಟ್ಟೆ ಅಂತ ಮಕ್ಕಳಿಗೆ ಪಾಠ ಮಾಡ್ಲಿಕ್ಕೆ ಆಗ್ತದಾ? ಪೇರೆಂಟ್ಸ್ ಸುಮ್ನೆ ಬಿಡ್ತಾರಾ? ವೀರರು ಇರ್ಲಿ ಮಾರಾಯ್ರೇ, ಯಾರಿಗೆ ಎಂತ ನಷ್ಟ ಉಂಟು?"

ಟ್ರಸ್ಟಿಗೆ ಮೂರು ಪತ್ರ ಬರೆದೆ. ಪಾಠ ಹಾಗೆಯೇ ಉಳಿಯಿತು. ನಮ್ಮ ಹೆಡ್‌ಮಿಸ್ಟ್ರೆಸ್ ಜಾನೆಟ್ ಕೂಡ, "ಬೇಡ ಎಲೇನ್, ಸುಮ್ಮನೆ ರಗಳೆ," ಎಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೊರಟವಳು ನಾನೊಬ್ಬಳೇ.

ಜನವರಿಯಲ್ಲಿ ಅದೇ ವೆಬ್‌ಸೈಟಿನಲ್ಲಿ ಶಾಲೆಗಳಿಗೆ ಕ್ವಿಜ್ ನಡೆಯಿತು. ಕಂಪ್ಯೂಟರ್ ರೂಮಿನಲ್ಲಿ ನಾನೇ ಮೇಲ್ವಿಚಾರಕಿ. ಹದಿನೇಳನೇ ಪ್ರಶ್ನೆ: ಕಲಿಕಟ್ಟೆ ಯಾರಿಂದ ಪ್ರಸಿದ್ಧ? ನಿರೀಕ್ಷಾ ಕಿನ್ನಿ ಎಂದು ಟೈಪ್ ಮಾಡಿದಳು. ಪರದೆಯಲ್ಲಿ ಕೆಂಪು ಅಕ್ಷರ ಬಂತು: ತಪ್ಪು ಉತ್ತರ. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಒಂದೇ ಒಂದು ಅಂಕದಲ್ಲಿ ಮುಂದಿನ ಸುತ್ತು ತಪ್ಪಿತು ಅವಳಿಗೆ.

ಮರುದಿನ ನೋಣಯ್ಯ ಶಾಲೆಗೆ ಬಂದರು. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನನ್ನಿಂದ ತಪ್ಪಾಯ್ತು ಅಜ್ಜಾ," ಎಂದೆ.

"ಅದು ಇರ್ಲಿ ಟೀಚರೇ. ನಾನು ಹೇಳಿಕೊಟ್ಟದ್ದು ಬರೆದು ಮಗುವಿಗೆ ಮಾರ್ಕ್ ಹೋಯ್ತು. ರಾತ್ರಿ ಊಟ ಮಾಡ್ಲಿಲ್ಲ ಅದು. ಇನ್ನು ಪರೀಕ್ಷೆಯಲ್ಲಿಯೂ ಕೇಳ್ತಾರಂತಲ್ಲ? ಸರಿಯಾದ ಉತ್ತರ ಎಂತ ಅಂತ ಹೇಳಿ. ನಾನೇ ಅದಕ್ಕೆ ಬಾಯಿಪಾಠ ಮಾಡಿಸ್ತೇನೆ."

ಹೇಳಿದೆ. ಟೀಚರಲ್ಲವೇ? "ಯುದ್ಧದಲ್ಲಿ ಮಡಿದ ವೀರರ ನೆನಪಿಗೆ ಕಟ್ಟಿಸಿದ ಕಟ್ಟೆ."

ನೋಣಯ್ಯ ಕಣ್ಣು ಮುಚ್ಚಿ ಹೇಳಿಕೊಂಡರು. "ಯುದ್ಧದಲ್ಲಿ ಮಡಿದ... ವೀರರ ನೆನಪಿಗೆ..." ಮೂರನೇ ಸಲ ತಪ್ಪಿಲ್ಲದೆ ಬಂತು.

"ಇದರಲ್ಲಿ ಕಿನ್ನಿ ಅಂತ ಎಲ್ಲಿಯೂ ಬರುವುದಿಲ್ಲ ಅಲ್ವಾ?" ಎಂದು ಕೇಳಿದರು.

"ಇಲ್ಲ," ಎಂದೆ.

"ಆಯ್ತು," ಎಂದು ಎದ್ದರು. ಮೆಟ್ಟಿಲು ಇಳಿಯುವಾಗಲೂ ಮರೆತುಹೋಗದ ಹಾಗೆ ಅದನ್ನೇ ಹೇಳಿಕೊಳ್ಳುತ್ತಿದ್ದರು.